ಟೂತ್‌ಪೇಸ್ಟ್ ಉಜ್ಜಿದರೆ ಮಸುಕಾದ ಹೆಡ್‌ಲೈಟ್ ಸರಿಹೋಗುತ್ತದೆಯೇ?

ಭಾನುವಾರ ಕಾರು ತೊಳೆಯುತ್ತಾ ಶಾಂಪೂ, ವ್ಯಾಕ್ಸ್, ಪಾಲಿಶ್ ಬಗ್ಗೆ ಹರಟುವವರ ನಡುವೆ ಈ ಸಲಹೆ ಬಂದೇ ಬರುತ್ತದೆ: “ಹಳದಿಯಾದ ಹೆಡ್‌ಲೈಟ್‌ಗೆ ಟೂತ್‌ಪೇಸ್ಟ್ ಉಜ್ಜಿ, ಹೊಸದರಂತೆ ಹೊಳೆಯುತ್ತದೆ.” ವಾಟ್ಸಾಪ್‌ನಲ್ಲಿ ಇದರ ವಿಡಿಯೋಗಳೂ ಹರಿದಾಡುತ್ತವೆ. ಇದರಲ್ಲಿ ನಿಜ ಎಷ್ಟು ಎಂದು ನಾವು ನೋಡೋಣ.

ಈಗಿನ ಹೆಡ್‌ಲೈಟ್‌ಗಳ ಮುಂಭಾಗ ಗಾಜಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯಲು ಅದರ ಮೇಲೆ ತೆಳುವಾದ ಲೇಪನ ಇರುತ್ತದೆ. ವರ್ಷಗಳು ಕಳೆದಂತೆ ಲೇಪನ ಹಾಳಾಗಿ, ಪ್ಲಾಸ್ಟಿಕ್ ಹಳದಿಯಾಗುತ್ತದೆ.

ಟೂತ್‌ಪೇಸ್ಟ್‌ನಲ್ಲಿ ಹಲ್ಲಿನ ಕೊಳೆ ತೆಗೆಯಲು ಸಿಲಿಕಾ ಅಥವಾ ಕ್ಯಾಲ್ಸಿಯಂ ಕಾರ್ಬೊನೇಟ್‌ನಂಥ ಸಣ್ಣ ಕಣಗಳಿರುತ್ತವೆ. ಅವು ಮಸುಕಾದ ಪದರವನ್ನು ಸ್ವಲ್ಪ ಕೆರೆದು ತೆಗೆಯುತ್ತವೆ. ಹಾಗಾಗಿ ವಿಡಿಯೋದಲ್ಲಿ ಕಾಣುವ ಹೊಳಪು ಪೂರ್ತಿ ಸುಳ್ಳಲ್ಲ. ಆದರೆ ಹೋದ ಲೇಪನ ಮರಳುವುದಿಲ್ಲ. ರಕ್ಷಣೆಯಿಲ್ಲದ ಪ್ಲಾಸ್ಟಿಕ್ ಮತ್ತೆ ಹಳದಿಯಾಗುತ್ತದೆ.

ಇದು ಬರೀ ಅಂದದ ವಿಷಯವಲ್ಲ. ಅಮೆರಿಕದ ವಾಹನ ಸವಾರರ ಸಂಘಟನೆ ಎಎಎ 2018ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಮಸುಕಾದ ಹೆಡ್‌ಲೈಟ್‌ಗಳು ಹೊಸದರ ಸುಮಾರು 20%ರಷ್ಟು ಬೆಳಕನ್ನಷ್ಟೇ ಕೊಟ್ಟವು. ಬೀದಿದೀಪವಿಲ್ಲದ ರಸ್ತೆಯಲ್ಲಿ ದನ, ಜನ, ನಿಂತ ಟ್ರ್ಯಾಕ್ಟರ್ ಕಣ್ಣಿಗೆ ಬೀಳುವುದು ತಡವಾಗುತ್ತದೆ. ಹೆಚ್ಚು ಪವರ್‌ನ ಬಲ್ಬ್ ಹಾಕಿದರೂ ಪ್ರಯೋಜನವಿಲ್ಲ. ಮಸುಕಿನಲ್ಲಿ ಬೆಳಕು ಚದುರಿ ಎದುರಿನವರ ಕಣ್ಣು ಕುಕ್ಕುತ್ತದೆ.

ಸರಿಯಾದ ದಾರಿ: ನುಣುಪಾದ ಸ್ಯಾಂಡ್‌ಪೇಪರ್‌ನಿಂದ ನೀರು ಹಾಕಿ ಉಜ್ಜಿ, ಪಾಲಿಶ್ ಮಾಡಿ, ಕೊನೆಗೆ ಯುವಿ ತಡೆಯುವ ಕ್ಲಿಯರ್ ಕೋಟ್ ಹಾಕಿಸುವುದು. ಮಸುಕು ಒಳಭಾಗದಲ್ಲಿದ್ದರೆ ಹೆಡ್‌ಲೈಟ್ ಬದಲಿಸುವುದೇ ಒಳ್ಳೆಯದು.

ನಮ್ಮ ತೀರ್ಮಾನ: ಅರ್ಧ ಸತ್ಯ. ಆ ವಿಡಿಯೋ ಕಳಿಸುವ ಮುನ್ನ, ರಾತ್ರಿ ಕಾರು ಓಡಿಸುವ ನಿಮ್ಮವರಿಗೆ ಉಳಿದ ಅರ್ಧವನ್ನೂ ತಿಳಿಸಿ.