ಗಾಲಿಯ ಮೇಲಿನ ಮನೆಗೆ ಬೆಳಕು

ಮನೆಯನ್ನೇ ವ್ಯಾನಿಗೇರಿಸಿಕೊಂಡು ಊರೂರು ಸುತ್ತುವ ಹವ್ಯಾಸ ಈಚೆಗೆ ನಮ್ಮ ನಾಡಿನಲ್ಲಿಯೂ ಬೇರೂರುತ್ತಿದೆ. ಹಿರಿಯೂರಿನಲ್ಲಿ ಹೆದ್ದಾರಿಯನ್ನು ಬಿಟ್ಟು, 1907ರಲ್ಲಿ ಮುಗಿದ ಮಾರಿಕಣಿವೆಯ ಕಟ್ಟೆಯನ್ನು ಕಂಡು, ಹೊಸದುರ್ಗದಲ್ಲಿ ರಾತ್ರಿ ತಂಗಿ, ಮರುದಿನ ಹೊಳಲ್ಕೆರೆಯ ಬಯಲು ಗಣಪತಿಗೆ ಕೈಮುಗಿದು ಚಿತ್ರದುರ್ಗದ ಕೋಟೆಯನ್ನು ಸೇರುವುದೆಂದರೆ ಯಾವ ಸಂಸಾರಕ್ಕೆ ತಾನೆ ಹರ್ಷವಾಗದು? ಆದರೆ ಆ ರಾತ್ರಿ ತಿರುಗುವ ಫ್ಯಾನಿಗೂ, ಮೊಸರನ್ನು ಕಾಯುವ ಪುಟ್ಟ ಫ್ರಿಜ್ಜಿಗೂ ವಿದ್ಯುತ್ತು ಬರುವ ಬಗೆಯನ್ನು ಹೊರಡುವ ಮುನ್ನ ವಿಚಾರಿಸುವವರು ವಿರಳ.

ಇಂದು ಇಂಥ ವಾಹನಗಳಲ್ಲಿ ಸೀಸದ ಬ್ಯಾಟರಿಯ ಸ್ಥಾನವನ್ನು ಲಿಥಿಯಂ ಕಬ್ಬಿಣ ಫಾಸ್ಫೇಟಿನ ಬ್ಯಾಟರಿ ಆಕ್ರಮಿಸುತ್ತಿದೆ. ಈ ವಸ್ತುವಿನ ಗುಣವನ್ನು 1997ರಲ್ಲಿ ಲೋಕಕ್ಕೆ ತಿಳಿಸಿದವರು ಟೆಕ್ಸಾಸ್ ವಿಶ್ವವಿದ್ಯಾನಿಲಯದ ಜಾನ್ ಗುಡ್‌ಇನಫ್ ಮತ್ತು ಅವರ ಸಂಗಡಿಗರು. ಲಿಥಿಯಂ ಬ್ಯಾಟರಿಗಾಗಿ 2019ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೆ ಪಾಲು ಬಂದಾಗ ವಯಸ್ಸು 97!

ಹಗುರ, ದೀರ್ಘಾಯು, ಎಲ್ಲವೂ ನಿಜ. ತೊಡಕಿರುವುದು ಊಟದ ಪದ್ಧತಿಯಲ್ಲಿ. ಸೀಸದ ಬ್ಯಾಟರಿ ಸಂಕೋಚದ ಅತಿಥಿ. ಹೊಟ್ಟೆ ತುಂಬುತ್ತ ಬಂದಂತೆ ಸಾಕು ಸಾಕೆನ್ನುತ್ತದೆ. ಲಿಥಿಯಂ ಹಾಗಲ್ಲ. ಅದರ ಒಳತಡೆ ಬಹಳ ಕಡಮೆಯಾದುದರಿಂದ, ಬಡಿಸಿದ್ದನ್ನೆಲ್ಲ ಒಂದೇ ವೇಗದಲ್ಲಿ ಕೊನೆಯವರೆಗೂ ಉಣ್ಣುತ್ತದೆ. ಬಡಿಸುವವರ ಪಾಡೇನು? ಎಂಜಿನ್ನಿನ ಆಲ್ಟರ್ನೇಟರಿಗೆ ಅದನ್ನು ನೇರವಾಗಿ ಜೋಡಿಸಿದರೆ, ಆಲ್ಟರ್ನೇಟರು ತನ್ನ ಶಕ್ತಿಯೆಲ್ಲವನ್ನೂ ಎಡೆಬಿಡದೆ ಸುರಿಯಬೇಕಾಗುತ್ತದೆ. ಗಾಡಿ ನಿಂತು ಎಂಜಿನ್ ಮಾತ್ರ ಮೆಲ್ಲಗೆ ಓಡುತ್ತಿದ್ದರಂತೂ ಅದನ್ನು ತಂಪಾಗಿಸುವ ಗಾಳಿಯೂ ಕಡಮೆ. ಒಳಸುರುಳಿ ಸುಟ್ಟರೆ ಪ್ರವಾಸ ಅಲ್ಲಿಗೇ ಮುಗಿಯಿತು. ಇನ್ನೂ ಒಂದು ಅಪಾಯವುಂಟು. ಬ್ಯಾಟರಿಯೊಳಗಿನ ಕಾವಲು ಮಂಡಲವು ದೋಷ ಕಂಡೊಡನೆ ಸಂಪರ್ಕವನ್ನು ಕಡಿಯುತ್ತದೆ. ಎಲೆಯ ಮೇಲೆ ಅತಿಥಿ ಥಟ್ಟನೆ ಕೈ ಅಡ್ಡ ಹಿಡಿದರೆ ಸೌಟಿನಲ್ಲಿದ್ದ ಸಾರು ಚೆಲ್ಲುವಂತೆ, ವೋಲ್ಟೇಜು ಹಠಾತ್ತನೆ ಚಿಮ್ಮಿ ಆಲ್ಟರ್ನೇಟರಿನ ಡಯೋಡುಗಳನ್ನು ಕೆಡಿಸಬಹುದು.

ಇದಕ್ಕೆ ಪರಿಹಾರ ಡೀಸಿ-ಡೀಸಿ ಚಾರ್ಜರ್ ಎಂಬ ಸಣ್ಣ ಪೆಟ್ಟಿಗೆ. ಅದು ಆಲ್ಟರ್ನೇಟರಿನಿಂದ ಇಂತಿಷ್ಟೇ ಎಂದು ಪಡೆದು, 14.2ರಿಂದ 14.6 ವೋಲ್ಟಿನ ಮಿತಿಯಲ್ಲಿ ಬ್ಯಾಟರಿಗೆ ನೀಡುತ್ತದೆ. ದುಡ್ಡು ಉಳಿಸಲು ಹೋಗಿ ಇದನ್ನು ಬಿಡುವುದು ಜಾಣತನವಲ್ಲ. ಬ್ಯಾಟರಿಯ ಬೆಲೆಯನ್ನು ಕೇಳಿದವರಿಗೆ ಇದು ಬೇಗ ಮನದಟ್ಟಾಗುತ್ತದೆ.

ಲೆಕ್ಕವೂ ಸರಳ. ಹೊಸದುರ್ಗದ ರಾತ್ರಿಯಲ್ಲಿ 80 ಆಂಪಿಯರ್-ಗಂಟೆ ವ್ಯಯವಾಯಿತೆನ್ನಿ. 30 ಆಂಪಿಯರಿನ ಚಾರ್ಜರು, ಹೊಳಲ್ಕೆರೆಯ ಮೇಲೆ ಚಿತ್ರದುರ್ಗಕ್ಕೆ ನಿಧಾನವಾಗಿ ಸಾಗುವ ಎರಡು ಗಂಟೆಯಲ್ಲಿ 60ನ್ನು ತುಂಬುತ್ತದೆ. ಉಳಿದ 20ನ್ನು, ಮನೆಮಂದಿ ಕೋಟೆ ಹತ್ತಿ ಇಳಿಯುವಷ್ಟರಲ್ಲಿ, ಮಾಡಿನ ಮೇಲಿನ 200 ವ್ಯಾಟಿನ ಸೌರಫಲಕವೇ ಸುಮಾರಾಗಿ ಒದಗಿಸೀತು. ದುರ್ಗದ ಬಿಸಿಲಿಗೆ ಬರವೇ?

ಊರು ಸೇರಿದ ಮೇಲೆ ಗೋಡೆಯ ಪ್ಲಗ್ಗಿನಿಂದ ತುಂಬಿಸುವಾಗ ಹಳೆಯ ಸೀಸದ ಚಾರ್ಜರನ್ನೇ ಹಚ್ಚಬಾರದು; ಅವುಗಳಲ್ಲಿ ಕೆಲವು, ಸೀಸದ ಫಲಕಗಳನ್ನು ಶುದ್ಧಿಮಾಡಲೆಂದು 15 ವೋಲ್ಟನ್ನೂ ಮೀರುತ್ತವೆ. ಮನೆಯ ಇನ್ವರ್ಟರಿಗೆ ಲಿಥಿಯಂ ಕೂಡಿಸುವವರಿಗೂ ಈ ಮಾತು ಸಲ್ಲುತ್ತದೆ. ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ವ್ಯಾನಿನಲ್ಲಿ ಬ್ಯಾಟರಿಯ ಕಾವು 45 ಡಿಗ್ರಿ ಸೆಲ್ಸಿಯಸ್ ದಾಟಿದರೆ ತುಂಬಿಸುವುದನ್ನು ನಿಲ್ಲಿಸುವುದು ಲೇಸು. ಕಿಟಕಿಯನ್ನು ತೆರೆದು, ಗಾಳಿಯಾಡಲು ಬಿಟ್ಟು, ತಣಿದ ಮೇಲೆ ಮುಂದುವರಿಸಬಹುದು.