ಗೋಡೆ ಮೇಲಿನ ಶಂಕರಣ್ಣ, ಬಚ್ಚಲಿನ ವಿಲನ್

ಹುಬ್ಬಳ್ಳಿಯಿಂದ ಒಬ್ಬ ತಮ್ಮ ಬರೆದಿದ್ದಾನೆ: "ಅಣ್ಣಾರ, ತಿಂಗಳ ಕೊನೀಗೆ ರೂಮು ಖಾಲಿ ಮಾಡ್ಬೇಕ್ರಿ. ಗ್ವಾಡಿ ತುಂಬ ಪೋಸ್ಟರ್ ಹಚ್ಚೀನಿ. ಓನರ್ ನೋಡಿದ್ರ ಅಡ್ವಾನ್ಸ್ ಪೂರಾ ನುಂಗ್ತಾನ. ಹರೀಲಾರದಂಗ ತಗೀಲಿಕ್ಕೆ ಏನಾರ ದಾರಿ ಐತೇನ್ರಿ?"

ಐತಪ್ಪಾ, ಐತಿ! ಈ ಪ್ರಶ್ನೆಯನ್ನು ಸರಿಯಾದ ಆಸಾಮಿಗೇ ಕೇಳಿದ್ದೀಯ.

1992ರಲ್ಲಿ ಬೆಂಗಳೂರಿನ ಶ್ರೀರಾಮಪುರದಲ್ಲಿ ನನ್ನದೂ ಅಂಥದೇ ಒಂದು ರೂಮು. ಬಾಗಿಲು ತೆಗೆದರೆ ಎದುರು ಗೋಡೆಯಲ್ಲಿ ಶಂಕರ್‌ನಾಗ್, 'ಸಾಂಗ್ಲಿಯಾನ' ಪೋಸ್ಟರಿನಲ್ಲಿ. 1988ರಲ್ಲಿ ಪೋಸ್ಟರ್ ಹಚ್ಚುವ ಹುಡುಗನಿಗೆ ಎರಡು ಟೀ, ಒಂದು ಬನ್ ಕೊಡಿಸಿ ಗಿಟ್ಟಿಸಿದ್ದು. ಅವನ ಹಾಗೇ ಮೈದಾ ಗಂಜಿ ಕಾಯಿಸಿ ಹಚ್ಚಿದ್ದೆ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರ ಆನಗೋಡಿನಲ್ಲಿ ಆ ಅಪಘಾತ ಆಯ್ತಲ್ಲ, ಅವತ್ತಿನಿಂದ ಅದು ನನಗೆ ಬರೀ ಕಾಗದವಾಗಿ ಉಳಿಯಲಿಲ್ಲ. ರೂಮು ಬಿಡುವಾಗ ಅಡ್ವಾನ್ಸ್ ಹೋದರೂ ಹೋಗಲಿ, ಶಂಕರಣ್ಣ ಹರಿಯಬಾರದು ಅಂತ ಹಟ ಹಿಡಿದೆ.

ಮೈದಾ ಅಂಟು ಅಂದರೆ ಹಿಟ್ಟು ತಾನೆ? ನೀರು ಕುಡಿದರೆ ಮೆತ್ತಗಾಗುತ್ತೆ. ಉಗುರು ಬೆಚ್ಚಗಿನ ನೀರಿನಲ್ಲಿ ಹಳೇ ಬನಿಯನ್ ಅದ್ದಿ, ಹಿಂಡಿ, ಪೋಸ್ಟರಿನ ಮೇಲೆ ಒತ್ತಿ ಒತ್ತಿ ಹಿಡಿಯಬೇಕು. ಉಜ್ಜಬಾರದು! ಹತ್ತು ನಿಮಿಷ ಬಿಟ್ಟು ಮತ್ತೆ ಒದ್ದೆ ಮಾಡಬೇಕು. ಮೂರು ಸಲವಾದರೂ ಬೇಕು, ಅವಸರ ಮಾಡಿದರೆ ಕೆಟ್ಟಿರಿ. ಸ್ವಿಚ್ ಬೋರ್ಡ್ ಪಕ್ಕದಲ್ಲಿದ್ದರೆ ಮೊದಲು ಮೇನ್ ಆಫ್ ಮಾಡಿ. ಆಮೇಲೆ ದೋಸೆ ಮಗುಚುವ ತೆಳು ಸಟ್ಟುಗವನ್ನು ಮೇಲಿನ ಮೂಲೆಯಿಂದ ಗೋಡೆಗೆ ಮಲಗಿಸಿಕೊಂಡೇ ಒಳಗೆ ಬಿಡಬೇಕು. ಬಿಟ್ಟುಕೊಂಡ ಕಾಗದವನ್ನು ನಮ್ಮ ಕಡೆ ಎಳೆಯದೆ, ಗೋಡೆಗುಂಟ ಕೆಳಕ್ಕೆ ಮಡಚಿಕೊಂಡು ಬರಬೇಕು. ಎಳೆದರೆ ನಾಯಕನ ಮೂಗು ಗೋಡೆಯಲ್ಲೇ ಉಳಿಯುತ್ತೆ. ಬಂದ ಮೇಲೆ ಹಿಂಬದಿಯ ಅಂಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಹಳೇ ಬಿಳಿ ಪಂಚೆಯ ನಡುವೆ ಹಾಸಿ, ಮೇಲೆ ಹಲಗೆ, ಹಲಗೆ ಮೇಲೆ ಅಕ್ಕಿ ಚೀಲ. ಎರಡು ದಿನ ಮುಟ್ಟಬೇಡಿ.

ಈಗಿನವರು ಟೇಪು ಅಂಟಿಸ್ತೀರಿ. ಅದಕ್ಕೆ ನೀರು ತಾಗೋದಿಲ್ಲ. ಹೇರ್ ಡ್ರೈಯರ್‌ನ ಬಿಸಿ ಗಾಳಿ ಕೊಟ್ಟು ನಿಧಾನ ಬಿಡಿಸಿ. ಬೀರು, ಕನ್ನಡಿ ಮೇಲೆ ಉಳಿದ ಗೋಂದಿಗೆ ಎರಡು ತೊಟ್ಟು ಕೊಬ್ಬರಿ ಎಣ್ಣೆ ಸಾಕು. ಆದರೆ ಗೋಡೆಗೆ ಎಣ್ಣೆ ಹಚ್ಚೀರಾ ಜೋಕೆ, ಆ ಕಲೆ ಪೇಂಟಿಗೂ ಬಗ್ಗೋದಿಲ್ಲ. ಮೊಳೆ ಹೊಡೆದ ತೂತಿಗೆ ಸೀಮೆಸುಣ್ಣ ಕುಟ್ಟಿ, ಫೆವಿಕಾಲ್ ಬೆರೆಸಿ ತುಂಬಿ. ಒಣಗಿದ ಮೇಲೆ ಮರಳು ಕಾಗದದಿಂದ ಎರಡು ತಿಕ್ಕು. ಬೋರ್‌ವೆಲ್ ನೀರಿನಿಂದ ನಲ್ಲಿ ಬೆಳ್ಳಗಾಗಿದ್ದರೆ ನಿಂಬೆರಸದಲ್ಲಿ ಬಟ್ಟೆ ಅದ್ದಿ ಅರ್ಧ ಗಂಟೆ ಸುತ್ತಿಡಿ. ಆ ಬಿಳಿ ಪೊರೆ ಸುಣ್ಣದ ಜಾತಿ, ಹುಳಿಗೆ ಕರಗುತ್ತೆ.

ಇಲ್ಲಿವರೆಗೆ ಎಲ್ಲಾ ಸುಖಾಂತ. ಇನ್ನು ಬಚ್ಚಲಿನ ಕಥೆ.

ಪೋಸ್ಟರ್ ಇಳಿಸಿದ ಗೆಲುವಿನಲ್ಲಿ ನಾನು ಬಚ್ಚಲನ್ನೂ ಥಳಥಳ ಮಾಡಿಬಿಡ್ತೀನಿ ಅಂತ ಹೊರಟೆ. ನೆಲಕ್ಕೆ ಬ್ಲೀಚಿಂಗ್ ಪೌಡರ್ ಚೆಲ್ಲಿ ತಿಕ್ಕಿದೆ, ಪಾಚಿ ಹೋಯ್ತು, ಹಳದಿ ಕಲೆ ಹೋಗಲಿಲ್ಲ. ತೊಳೆಯದೆ ಅದರ ಮೇಲೇ ಆಸಿಡ್ ಸುರಿದೆ. ಒಂದೊಂದೇ ಇಷ್ಟು ಕೆಲಸ ಮಾಡಿದರೆ ಎರಡೂ ಸೇರಿ ಎಷ್ಟು ಮಾಡಲಿಕ್ಕಿಲ್ಲ ಅನ್ನೋದು ನನ್ನ ಲೆಕ್ಕ! ಬುಸ್ ಅಂತ ನೊರೆ ಎದ್ದಿತು. ಕಣ್ಣು ಉರಿ, ಗಂಟಲಿಗೆ ಯಾರೋ ಕೈ ಹಾಕಿ ಹಿಡಿದ ಹಾಗೆ. ಬಾಗಿಲು ಎಲ್ಲಿದೆ ಅಂತಲೇ ತಿಳಿಯಲಿಲ್ಲ.

ನನ್ನ ಕೆಮ್ಮು ಕೇಳಿ ಓಡಿ ಬಂದವರು ಓನರಮ್ಮ. ಅಡ್ವಾನ್ಸ್ ಮುರೀತಾರೆ ಅಂತ ಒಂದು ವಾರದಿಂದ ಯಾರನ್ನು ಬೈಕೊಳ್ತಿದ್ದೆನೋ ಅವರೇ! ಸೆರಗಿನಿಂದ ಮೂಗು ಮುಚ್ಚಿಕೊಂಡು, "ಹೊರಗೆ ಬಾರೋ ಹುಚ್ಚಪ್ಪಾ" ಅಂತ ಅಂಗಿ ಹಿಡಿದು ಎಳೆದರು. ಕಿಟಕಿ ತೆರೆದಿಟ್ಟು, ಬೀದಿ ಕಟ್ಟೆ ಮೇಲೆ ಕೂರಿಸಿದರು. ರಾತ್ರಿ ಕೆಮ್ಮು ಹೆಚ್ಚಾದಾಗ ಆಟೋ ಕರೆಸಿ ಡಾಕ್ಟರ ಹತ್ತಿರ ಕಳಿಸಿದ್ದೂ ಅವರೇ.

ಅದು ಕ್ಲೋರಿನ್ ಅನಿಲ ತಮ್ಮಂದಿರಾ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಹತ್ತಿರ ಜರ್ಮನ್ ಸೈನ್ಯ ಶತ್ರುಗಳ ಮೇಲೆ ಬಿಟ್ಟಿದ್ದು ಇದನ್ನೇ. ನಾನು ಅದನ್ನು ನಾಲ್ಕಡಿ ಬಚ್ಚಲಿನಲ್ಲಿ ತಯಾರಿಸಿದ್ದೆ. ಈಗ ಅಂಗಡಿಯಲ್ಲಿ ಸಿಗುವ ಕಕ್ಕಸು ತೊಳೆಯುವ ಬಾಟಲಿಗಳಲ್ಲಿ ಬಹುಪಾಲಿನಲ್ಲಿ ಇರುವುದು ಆಸಿಡ್ಡೇ. ಅದರ ಜೊತೆ ಬ್ಲೀಚ್ ಸೇರಿಸಬೇಡಿ. ವಿನಿಗರ್, ನಿಂಬೆರಸವನ್ನೂ ಬ್ಲೀಚಿಗೆ ಬೆರೆಸಬೇಡಿ. ಇಬ್ಬರೂ ಒಳ್ಳೇ ನಟರೇ, ಆದರೆ ಒಂದೇ ಫ್ರೇಮಿನಲ್ಲಿ ನಿಲ್ಲಿಸಿದರೆ ಸೆಟ್ಟೇ ಸುಟ್ಟುಹೋಗುತ್ತೆ. ಒಂದನ್ನು ಬಳಸಿ, ಧಾರಾಳ ನೀರಿನಲ್ಲಿ ತೊಳೆದು, ಇನ್ನೊಂದನ್ನು ಬೇರೆ ದಿನಕ್ಕಿಡಿ. ಅಪ್ಪಿತಪ್ಪಿ ಸೇರಿಹೋದರೆ ಬಕೆಟ್ಟು, ಬ್ರಷ್ಷು ಅಂತ ನೋಡದೆ ಹೊರಗೆ ಓಡಿ, ಗಾಳಿ ಇರುವ ಕಡೆ ಕೂರಿ. ಉಬ್ಬಸ, ಕೆಮ್ಮು ನಿಲ್ಲದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಮೊದಲು ಏನೂ ಆಗಿಲ್ಲ ಅನ್ನಿಸಿ, ಕೆಲವು ಗಂಟೆ ಬಿಟ್ಟು ಜೋರಾಗೋದೂ ಉಂಟು.

ಓನರಮ್ಮ ಪೇಂಟಿಗೆ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಂಡು ಮಿಕ್ಕಿದ್ದು ಕೊಟ್ಟರು. ಪೋಸ್ಟರ್ ಈಗಲೂ ನನ್ನ ಟ್ರಂಕಿನಲ್ಲಿದೆ. ಎಡಗಡೆ ಕೆಳಗೆ ಎರಡಿಂಚು ಹರಿದಿದೆ, ಅಲ್ಲಿ ನೆನೆಯಲು ಬಿಡದೆ ಎಳೆದಿದ್ದೆ.

ಮುಂದಿನ ವಾರ ತೊಟ್ಟಿಕ್ಕುವ ನಲ್ಲಿಗೆ ಕೈ ಹಾಕೋಣ. ಅಲ್ಲಿವರೆಗೆ ಹಳೇ ಹವಾಯಿ ಚಪ್ಪಲಿ ಎಸೀಬೇಡಿ, ಕೆಲಸ ಇದೆ.