ನಮ್ಮ ರೂಟರು 1970ರಲ್ಲೇ ಕೂತಿತ್ತು

ಹುಳ ಹಣ್ಣಾಗೋ ವಾರದಲ್ಲೇ ನನ್ನ ಬ್ಯಾಂಕ್ ಖಾತೆ ಯಾಕೆ ಬಂದ್ ಆಗಿತ್ತು ಅಂತ ಸುಮಾರು ಜನ ಕೇಳಿದಿರಿ. ಫೋನಲ್ಲಿ ಹೇಳಿದರೆ ಅರ್ಧ ಆಗುತ್ತೆ, ಅದಕ್ಕೆ ಬರೀತಿದ್ದೀನಿ.

ತೋಟ ತಾವರೆಕೆರೆ ಕಡೆ, ಮನೆ ವಿಜಯನಗರದಲ್ಲಿ. ಬ್ಯಾಂಕಿನ ವ್ಯವಹಾರ ಎಲ್ಲಾ ಮನೆ ವೈಫೈನಲ್ಲೇ. ಒಂದು ರಾತ್ರಿ ಬ್ಯಾಂಕಿನ ಪುಟ ತೆಗೆದರೆ, ಇದು ನಂಬೋ ಜಾಗ ಅಲ್ಲ ಅಂತ ಬ್ರೌಸರು ಎಚ್ಚರಿಸಿತು. ಮೊಬೈಲ್ ಡೇಟಾದಲ್ಲಿ ತೆಗೆದರೆ ಸರಿಯಾಗೇ ಇತ್ತು. ಮಗಳು ರೂಟರಿನ ಒಳಗೆ ಹೋಗಿ ನೋಡಿದಳು. ಡಿಎನ್‌ಎಸ್ ಅನ್ನೋ ಕಡೆ ನಾವು ಹಾಕದೇ ಇರೋ ನಂಬರು ಕೂತಿತ್ತು. ಕೈಮರ ಯಾರೋ ತಿರುಗಿಸಿಟ್ಟ ಹಾಗೆ: ನಾವು ಬ್ಯಾಂಕಿಗೆ ಅಂತ ಹೊರಟರೆ ಅದು ಇನ್ಯಾರದೋ ಮನೆ ಬಾಗಿಲಿಗೆ ಬಿಡುತ್ತೆ.

ರೂಟರ್ ಹಾಕಿದ ಹುಡುಗ ‘ರಿಮೋಟ್ ಮ್ಯಾನೇಜ್‌ಮೆಂಟ್’ ಆನ್ ಮಾಡಿ ಹೋಗಿದ್ದ, ತಾನು ಕೂತಲ್ಲಿಂದಲೇ ರಿಪೇರಿ ಮಾಡಬಹುದು ಅಂತ. ಪಾಸ್‌ವರ್ಡು ಕಂಪನಿಯಿಂದ ಬಂದ ಅಡ್ಮಿನ್, ಅಡ್ಮಿನ್. ಬದಲಾಯಿಸದೇ ಬಿಟ್ಟ ತಪ್ಪು ನನ್ನದೂ ಹೌದು.

ಬ್ಯಾಂಕಿನವರು ಕೇಳಿದ್ದು ಒಂದೇ ಪ್ರಶ್ನೆ: ‘ಇದು ಯಾವತ್ತಿನಿಂದ?’ ರೂಟರಿನ ಲಾಗ್ ತೆಗೆದರೆ ಎಲ್ಲಾ ಸಾಲಿನಲ್ಲೂ 1970, ಜನವರಿ 1! ಮನೆ ರೂಟರುಗಳಲ್ಲಿ ಸಾಮಾನ್ಯವಾಗಿ ಗಡಿಯಾರದ ಬ್ಯಾಟರಿ ಇರಲ್ಲ. ಕರೆಂಟು ಹೋಗಿ ಬಂದಾಗ ಎಷ್ಟೋ ರೂಟರುಗಳು ಆ ತಾರೀಖಿನಿಂದಲೇ ಶುರುಮಾಡಿ, ಆಮೇಲೆ ಇಂಟರ್ನೆಟ್ಟಿನಲ್ಲಿ ಟೈಮ್ ಕೇಳಿ ಸರಿಮಾಡಿಕೊಳ್ಳುತ್ತವೆ. ನಮ್ಮದರಲ್ಲಿ ಕೇಳಬೇಕಾದ ಸರ್ವರಿನ ಜಾಗವೇ ಖಾಲಿ. ಯಾವತ್ತು, ಎಷ್ಟು ಹೊತ್ತಿಗೆ ನುಗ್ಗಿದರು ಅಂತ ಹೇಳೋಕೆ ಕೈಯಲ್ಲಿ ಏನೂ ಇರಲಿಲ್ಲ. ದುಡ್ಡು ಹೋಗಲಿಲ್ಲ, ಆದರೆ ಮುನ್ನೆಚ್ಚರಿಕೆ ಅಂತ ಖಾತೆ ನಾಲ್ಕು ದಿನ ಬಂದ್. ಚಂದ್ರಿಕೆಗೆ ಹುಳ ಬಿಡೋಕೆ ಬಂದ ಆಳುಗಳ ಕೂಲಿಗೆ ಭಾವನ ಹತ್ತಿರ ಕೈಸಾಲ ಮಾಡಿದೆ.

ನನ್ನ ಮಾತು ಇಷ್ಟೇ: ರಿಮೋಟ್ ಮ್ಯಾನೇಜ್‌ಮೆಂಟ್ ನಮ್ಮಂಥವರ ಮನೆಗೆ ಬೇಡವೇ ಬೇಡ. ‘ತೋಟದ ಕ್ಯಾಮೆರಾ ಫೋನಲ್ಲಿ ನೋಡಬೇಕಲ್ಲ’ ಅಂತೀರಿ. ಆ್ಯಪಿನಲ್ಲಿ ನೋಡೋ ಕ್ಯಾಮೆರಾ ಸಾಮಾನ್ಯವಾಗಿ ಕಂಪನಿಯ ಸರ್ವರ್ ಮೂಲಕ ಬರುತ್ತೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. 2016ರಲ್ಲಿ ಮಿರಾಯ್ ಅನ್ನೋ ವೈರಸ್ಸು ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನ ಹಿಡಿದಿದ್ದು ಇಂಥ ಕಂಪನಿ ಪಾಸ್‌ವರ್ಡುಗಳಿಂದಲೇ. ಹೊರಗಿಂದ ಒಳಗೆ ಹೋಗಲೇಬೇಕು ಅನ್ನೋರು ತಿಳಿದವರ ಕೈಲಿ ವಿಪಿಎನ್ ಹಾಕಿಸಿಕೊಳ್ಳಲಿ.

ಬ್ರೌಸರಿನಲ್ಲಿ 192.168.1.1 ಅಥವಾ 192.168.0.1 ಹೊಡೆದರೆ ಸಾಮಾನ್ಯವಾಗಿ ಒಳಗೆ ಹೋಗಬಹುದು. ಕೆಲವು ಹಳೇ ಮಾಡೆಲಿನಲ್ಲಿ ಆನ್-ಆಫ್ ಬಟನ್ನೇ ಇರಲ್ಲ. ರಿಮೋಟ್ ಅಡ್ರೆಸ್ 0.0.0.0 ಇದ್ದರೆ ಬಂದ್, 255.255.255.255 ಇದ್ದರೆ ಊರಿಗೆಲ್ಲಾ ಬಾಗಿಲು ತೆಗೆದ ಹಾಗೆ. ಮೊದಲು ಅದನ್ನ ನೋಡಿ. ಆಮೇಲೆ ಪಾಸ್‌ವರ್ಡು. ಟೈಮ್ ಝೋನಿನಲ್ಲಿ ಜಿಎಂಟಿ +05:30 ಆರಿಸಿ. ಅಲ್ಲಿ ಚೆನ್ನೈ, ಕೋಲ್ಕತ್ತಾ, ಮುಂಬೈ, ನ್ಯೂಡೆಲ್ಲಿ ಅಂತ ಇರುತ್ತೆ, ನಮ್ಮ ಬೆಂಗಳೂರು ಹುಡುಕಬೇಡಿ, ಸಿಗಲ್ಲ. ‘ಡೇಲೈಟ್ ಸೇವಿಂಗ್’ ನಮ್ಮ ದೇಶದಲ್ಲಿಲ್ಲ, ಆಫ್ ಇರಲಿ. ಎನ್‌ಟಿಪಿ ಸರ್ವರ್ ಅನ್ನೋ ಕಡೆ ಪೂಲ್ ಡಾಟ್ ಎನ್‌ಟಿಪಿ ಡಾಟ್ ಆರ್ಗ್ ಅಂತ ಇಂಗ್ಲಿಷಿನಲ್ಲಿ ಹಾಕಿ. ಸೇವ್ ಮಾಡಿ, ಸ್ವಿಚ್ ಆರಿಸಿ ಹಾಕಿ, ಐದು ನಿಮಿಷ ಬಿಟ್ಟು ಕೈಗಡಿಯಾರದ ಜೊತೆ ಹೋಲಿಸಿ.

ದುಡ್ಡೇ ಹೋಗಿದ್ದರೆ ಇದೆಲ್ಲಾ ಮಾಡ್ತಾ ಕೂರಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ.

ಅರ್ಥ ಆಗದೇ ಇದ್ದರೆ ರೂಟರಿನ ಮಾಡೆಲ್ ಹೆಸರು ಬರೆದು ಕಳಿಸಿ, ಮಗಳನ್ನ ಕೇಳಿ ಹೇಳ್ತೀನಿ. ತಳದ ಚೀಟಿಯ ಫೋಟೋ ಮಾತ್ರ ಗ್ರೂಪಿಗೆ ಹಾಕಬೇಡಿ ಮಾರಾಯ್ರೆ, ಪಾಸ್‌ವರ್ಡು ಅದರಲ್ಲೇ ಇರುತ್ತೆ.